ನಕ್ಷೆಯಲ್ಲಿ ಉಳಿದ ಬನ್ನಿ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋದ ಹಿರಿಯರು, ಇಂಥ ಮಾತು ಎಲ್ಲಿ ಶುರುವಾದರೂ ಅಲ್ಲಿ ನಾನು ಬಾಯಿ ಹಾಕುತ್ತಿದ್ದೆ. ಮದುವೆಮನೆಯಲ್ಲಿ ಊಟ ಮುಗಿಸಿ ಕುಳಿತ ಹೆಂಗಸರಲ್ಲಿ ಯಾರಾದರೂ ತಮ್ಮ ಅನುಭವ ಹೇಳತೊಡಗಿದರೆ ಸಾಕು, "ಆವತ್ತ ಊಟಕ್ಕ ಏನ್ ಮಾಡಿದ್ರಿ? ಹೊಟ್ಟಿ ಭಾರ ಆಗಿತ್ತೇನು?" ಎಂದು ಕೇಳಿ ಕಥೆಯ ಗಾಳಿ ತೆಗೆಯುತ್ತಿದ್ದೆ. ನನ್ನ ಚಿಕ್ಕಮ್ಮ ಇದೇ ಸಿಟ್ಟಿಗೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಅಂಥ ಮಾತು ಬಂದರೆ ನಾನು ತೆಪ್ಪಗಿರುತ್ತೇನೆ. ನಂಬಿಕೆ ಬಂದುಬಿಟ್ಟಿದೆ ಎಂದಲ್ಲ, ನಾಚಿಕೆಗೆ. ಯಾಕೆ ಎಂಬುದನ್ನು ಹೇಳಿಬಿಡುತ್ತೇನೆ, ನಗುವುದಾದರೆ ನಕ್ಕುಬಿಡಿ.

ಮನೆ ಕಟ್ಟಿಸುವವರಿಗೆ ಅಂಗಳ, ಹಿತ್ತಲು, ಗಿಡಮರಗಳ ನಕ್ಷೆ ಹಾಕಿಕೊಡುವುದು ನನ್ನ ವೃತ್ತಿ. ಕಲಬುರಗಿಯ ನನ್ನ ಆಫೀಸಿನ ಬೋರ್ಡಿನಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದಿದೆ, ಜನ ಕರೆಯುವುದು ಮಾತ್ರ ಗಾರ್ಡನ್ ಮೇಡಂ ಎಂದು. ಕೆಲವು ವರ್ಷಗಳ ಹಿಂದೆ ಜೇವರ್ಗಿ ಕಾಲೋನಿಯ ಶಿವಶರಣಪ್ಪ ಎಂಬ ಬ್ಯಾಂಕ್ ಅಧಿಕಾರಿ ಬಂದರು. ಕಮಲಾಪುರದಲ್ಲಿ ತಮ್ಮ ತಂದೆಯ ಕಾಲದ ಜಾಗದಲ್ಲಿ ಮನೆ ಕಟ್ಟಿಸಿ, ಹೆಂಡತಿ ಮತ್ತು ತಾಯಿಯ ಜೊತೆ ಅಲ್ಲಿಗೇ ಹೋಗುವುದು ಅವರ ಆಸೆ. ಮೆತ್ತನೆಯ ಮಾತಿನ, ಸಂಭಾವಿತ ಮನುಷ್ಯ.

ಜಾಗ ನೋಡಲು ಅವರ ಕಾರಿನಲ್ಲೇ ಹೋದೆ. ಮಹಾಗಾಂವ ದಾಟುವವರೆಗೂ ಗೇಟು, ಕಾಂಪೌಂಡು, ಕಾರು ನಿಲ್ಲಿಸುವ ಜಾಗ ಇವುಗಳದೇ ಮಾತು. ಕಮಲಾಪುರದ ಜಾಗ ನೋಡಿದರೆ ಜೆಸಿಬಿಯಿಂದ ಸಮ ಮಾಡಿಸಿದ ಬರಿಯ ನೆಲ, ಹೆಸರಿಗೂ ಒಂದು ಹಸಿರು ಕಡ್ಡಿ ಇಲ್ಲ. ಹಳೆಯ ಮರ ಏನಾದರೂ ಇತ್ತೇ ಎಂದು ಕೇಳಿದೆ. ಅದು ನಾನು ಎಲ್ಲರಿಗೂ ಕೇಳುವ ಪ್ರಶ್ನೆ.

"ಏನೂ ಇರ್ಲಿಲ್ರಿ ಮೇಡಂ. ಬರೇ ಜಾಲಿ ಕಂಟಿ ಇದ್ದು, ತೆಗಿಸೀನಿ," ಎಂದರು.

ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದುಕೊಂಡು, ಅಳತೆಯ ನಕ್ಷೆ ಇಸಿದುಕೊಂಡು ಬಂದೆ.

ಮೊದಲ ಕರಡು ನಕ್ಷೆಯನ್ನು ನಾನು ಕಂಪ್ಯೂಟರಿನಲ್ಲಿ ಹಾಕುವುದಿಲ್ಲ. ಅಚ್ಚಾಗಿ ಬಂದ ನಕ್ಷೆ ಕಂಡರೆ ಮನೆಯವರು ಇನ್ನು ಬದಲಿಸುವಂತಿಲ್ಲ ಎಂದುಕೊಂಡು ಬಾಯಿ ಮುಚ್ಚಿಬಿಡುತ್ತಾರೆ. ಕೈಯಿಂದ ಬರೆದದ್ದಾದರೆ ಇಲ್ಲಿ ತುಳಸಿ ಬೇಡ, ಅಲ್ಲಿ ಕಲ್ಲುಹಾಸು ಬೇಕು ಎಂದು ಧೈರ್ಯವಾಗಿ ಬೆರಳಿಡುತ್ತಾರೆ. ಹಾಗಾಗಿ ಅಳತೆಯ ನಕ್ಷೆಯ ಮೇಲೆ, ಕೆಳಗಿನ ಗೆರೆ ಕಾಣುವ ಬಟರ್ ಪೇಪರ್ ಹಾಸಿ ಪೆನ್ನು ಹಿಡಿಯುತ್ತೇನೆ. ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ಹೊಸದಾಗಿ ನೆಡುವ ಮರಕ್ಕೆ ತೆಳ್ಳನೆಯ ಬರಿಯ ಸುತ್ತು. ಈಗಾಗಲೇ ಇರುವ, ಉಳಿಸಿಕೊಳ್ಳಬೇಕಾದ ಮರಕ್ಕೆ ದಪ್ಪ ಸುತ್ತು, ನಡುವೆ ಕಾಂಡದ ಜಾಗದಲ್ಲಿ ತುಂಬಿದ ಕಪ್ಪು ಚುಕ್ಕೆ. ಇವೆರಡನ್ನು ಅದಲುಬದಲು ಮಾಡುವುದೆಂದರೆ ಇಲ್ಲದ ಮರವನ್ನು ಇದೆ ಎಂದು ಸಾಕ್ಷಿ ಹೇಳಿದಂತೆ. ಈ ತಪ್ಪು ಮಾಡಿದ ಹೊಸಬರನ್ನು ನಾನೇ ಎಷ್ಟೋ ಸಲ ಬೈದಿದ್ದೇನೆ.

ಬೇಸಿಗೆಯ ಒಂದು ಮಧ್ಯಾಹ್ನ ಆ ನಕ್ಷೆ ಬರೆಯಲು ಕುಳಿತೆ. ಕರೆಂಟ್ ಹೋಗಿತ್ತು. ಬೆವರು ಕಾಗದದ ಮೇಲೆ ಬೀಳದಂತೆ ಮೊಣಕೈ ಕೆಳಗೆ ಟವೆಲ್ ಇಟ್ಟುಕೊಂಡಿದ್ದೆ. ಗೇಟು ಬರೆದದ್ದು ನೆನಪಿದೆ. ಬಚ್ಚಲ ನೀರು ಹರಿಯುವಲ್ಲಿ ಕಮಲಾಪುರದ ಕೆಂಪು ಬಾಳೆಯ ಸಾಲು ಬರೆದದ್ದು, ಕಾರಿನ ಜಾಗ ಸಾಲದೆ ಬ್ಲೇಡಿನಿಂದ ಕೆರೆದು ಮತ್ತೆ ಬರೆದದ್ದು, ಎಲ್ಲ ನೆನಪಿದೆ. ನಿದ್ದೆ ಮಾಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹಾಳೆ ಸುತ್ತಿ ಕೊಳವೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಅವರ ಮನೆಯಲ್ಲಿ ಹಾಳೆ ಬಿಚ್ಚಿದೆ. ಶಿವಶರಣಪ್ಪನವರ ಹೆಂಡತಿ ಜಗದೇವಿ ನಾಲ್ಕು ಮೂಲೆಗೂ ಚಹಾದ ಕಪ್ಪು ಇಟ್ಟರು. ತಾಯಿ ಗುರಮ್ಮ ಕುರ್ಚಿ ಎಳೆಸಿಕೊಂಡು ಹತ್ತಿರ ಬಂದರು. ಅವರನ್ನು ನಾನು ಕಂಡದ್ದು ಅದೇ ಮೊದಲು. ಮೊಣಕಾಲು ನೋವಿನಿಂದ ಅವರು ಬಹಳ ದಿನದಿಂದ ಕಮಲಾಪುರಕ್ಕೆ ಹೋಗಿರಲಿಲ್ಲ.

"ನನ್ನ ಬನ್ನಿ ಎಲ್ಲಿ ಅದ, ತೋರಸು," ಎಂದರು ಸೊಸೆಗೆ.

ಯಾವ ಬನ್ನಿ ಎಂದು ನಾನು ಕೇಳುವಷ್ಟರಲ್ಲಿ ಜಗದೇವಿ ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲೇ ಅದ ನೋಡ್ರಿ ಅತ್ತಿ. ಹೆಸರೂ ಬರದಾರ. ಆದ್ರ ಎರಡು ಚುಕ್ಕಿ ಯಾಕ್ರಿ ಮೇಡಂ?"

ಬಾಗಿ ನೋಡಿದೆ. ಗೇಟಿನ ಎಡಕ್ಕೆ ದಪ್ಪ ಸುತ್ತು. ನಡುವೆ ಒತ್ತಾಗಿ ಎರಡು ಕಪ್ಪು ಚುಕ್ಕೆ, ಒಂದು ದೊಡ್ಡದು, ಒಂದು ಸಣ್ಣದು. ಸುತ್ತ ಒಂದು ಕಟ್ಟೆ. ಪಕ್ಕದಲ್ಲಿ 'ಬನ್ನಿ' ಎಂದು ಕನ್ನಡದಲ್ಲಿ, ನನ್ನದೇ ಅಕ್ಷರ. ಉಳಿದ ಹೆಸರುಗಳನ್ನೆಲ್ಲ ನಾನು ಎಂದಿನಂತೆ ಇಂಗ್ಲಿಷಿನಲ್ಲಿ ಬರೆದಿದ್ದೆ. ಅದನ್ನು ನಾನು ಬರೆದ ನೆನಪಿಲ್ಲ. ಆ ನೆಲದಲ್ಲಿ ಮರವಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಸೊಸೆಯ ಪ್ರಶ್ನೆಗೆ ಗುರಮ್ಮನೇ ಉತ್ತರ ಕೊಟ್ಟರು. "ಅದಕ್ಕ ಬುಡದಾಗೇ ಎರಡು ಬೊಡ್ಡಿ ಒಡದಾವಲ್ಲ, ನಿನಗೇನ ಗೊತ್ತು. ದಸರಾಕ್ಕ ಓಣಿ ಮಂದಿ ಎಲ್ಲಾ ಅಲ್ಲೇ ಬಂದು ಬನ್ನಿ ತಗೋತಾರ. ಅದನ್ನ ಮುಟ್ಟಬಾರದು ಅಂತ ನಾ ಇವಗ ಮೊದಲೇ ಹೇಳೀನಿ." ಆಮೇಲೆ ನನ್ನ ಕೆನ್ನೆ ಸವರಿದರು. "ಚೊಲೋ ಮಾಡಿದಿ ತಂಗಿ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಆ ಕೈ ನನ್ನ ಕೆನ್ನೆಯ ಮೇಲಿದ್ದಾಗ ಆದಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಇಲ್ಲದ ಮರ ಉಳಿಸಿದ್ದಕ್ಕೆ ಆಶೀರ್ವಾದ ಪಡೆಯುತ್ತಿದ್ದೆ. ಶಿವಶರಣಪ್ಪನವರ ಮುಖ ಸುಣ್ಣದ ಹಾಗಾಗಿತ್ತು. ಒಂದು ನಿಮಿಷ ಬರ್ರಿ ಎಂದು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು.

"ಯಾರು ಹೇಳಿದ್ರು ನಿಮಗ?" ದನಿ ತಗ್ಗಿಸಿಯೇ ಕೇಳಿದರು. "ಓಣ್ಯಾಗ ಹೋಗಿ ವಿಚಾರ ಮಾಡಿದ್ರೇನು? ನಮ್ಮವ್ವನ ಮುಂದ ನನ್ನ ಮರ್ಯಾದಿ ತೆಗೀಬೇಕಂತ ಬರದೀರೇನು?"

"ಯಾರೂ ಹೇಳಿಲ್ರಿ. ಹೆಂಗ ಬರದೆ ನನಗೇ ಗೊತ್ತಿಲ್ಲ," ಎಂದೆ. ನನ್ನ ಕಿವಿಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು. ಪರರ ಮನೆಯ ಕಪಾಟಿಗೆ ಕೈ ಹಾಕಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಬೇರೆ ಯಾರಾದರೂ ನನಗೆ ಇದೇ ಮಾತು ಹೇಳಿದ್ದರೆ ಊಟಕ್ಕೆ ಏನು ಮಾಡಿದ್ದಿರಿ ಎಂದು ಕೇಳುತ್ತಿದ್ದೆನಲ್ಲ!

ತಿರುಗಿ ನೋಡಿದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಗುರಮ್ಮ ನಿಂತಿದ್ದರು.

"ಕಡಿಸೀಯೇನು?"

ಮಗ ನೆಲ ನೋಡಿದರು. "ಹೂಂ ಯವ್ವಾ. ವರ್ಷ ವರ್ಷ ಊರ ಮಂದಿ ಎಲ್ಲಾ ಅಂಗಳದಾಗ ಬರ್ತಾರ, ಗೇಟ್ ಹಾಕಾಕ ಬರಂಗಿಲ್ಲ ಅಂತ. ಒಣಗಿತ್ತು ಅಂತ ಹೇಳಬೇಕಂತ ಮಾಡಿದ್ದೆ."

ಗುರಮ್ಮ ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಕಡೆ ತಿರುಗಿ, "ಮತ್ತ ನೀ ಎಲ್ಲಿ ನೋಡಿದಿ?" ಎಂದರು. ಹಾಳೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಅಳತೆಯ ನಕ್ಷೆಯನ್ನು ಕಿಟಕಿಗೆ ಹಿಡಿದು ನೋಡಿದೆ, ಅದರಲ್ಲಿ ಮರ ಬರೆದು ಅಳಿಸಿದ ಗುರುತೂ ಇರಲಿಲ್ಲ. ಫೋಟೋಗಳನ್ನು ಹಿಗ್ಗಿಸಿ ಮಣ್ಣನ್ನು ತಡಕಾಡಿದೆ. ಇಂಟರ್ನೆಟ್ಟಿನಲ್ಲಿ ಆಕಾಶದಿಂದ ತೆಗೆದ ಹಳೆಯ ಚಿತ್ರ ಹುಡುಕಿದಾಗ ಆ ಜಾಗದಲ್ಲಿ ಒಂದು ಹಸಿರು ಕಲೆ ಸಿಕ್ಕಿತು. ಆದರೆ ಅದನ್ನು ನಾನು ನೋಡಿದ್ದು ಆಗಲೇ, ಮತ್ತು ಅಷ್ಟು ಮೇಲಿನಿಂದ ಎರಡು ಬೊಡ್ಡೆ ಕಾಣುವುದಿಲ್ಲ. ನಾನು ಬೆಳೆದದ್ದು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ನನಗೆ ಬನ್ನಿ ಎಂದರೆ ದಸರೆಗೆ ಅಂಗಡಿ ಮುಂದೆ ಮಾರುವ ಸೊಪ್ಪಿನ ಕಟ್ಟು. ಅದು ಓಣಿಯವರ ಬನ್ನಿ ಇದ್ದ ಜಾಗ ಎಂದು ತಿಳಿಯುವ ಯಾವ ದಾರಿಯೂ ನನಗಿರಲಿಲ್ಲ.

ಕೆಲಸ ನನ್ನ ಕೈ ತಪ್ಪಿತೆಂದೇ ತಿಳಿದಿದ್ದೆ. ಕೆಲವು ದಿನಗಳ ಮೇಲೆ ಶಿವಶರಣಪ್ಪನವರೇ ಫೋನ್ ಮಾಡಿದರು. ನಕ್ಷೆಯಲ್ಲಿ ಇರುವ ಹಾಗೇ ಕಟ್ಟೆ ಕಟ್ಟಿಸಿ, ಗೇಟು ಆಚೆ ಸರಿಸಿ ಎಂದರು. ನಾನು ಹಾಗೇ ಮಾಡಿಸಿದೆ. ಮನೆ ಎದ್ದಿತು, ಗುರಮ್ಮ ಅಲ್ಲಿಗೆ ಬಂದರು. ಕಟ್ಟೆಯ ನಡುವೆ ಹೊಸ ಸಸಿ ನೆಡಲು ಮಾತ್ರ ಯಾರಿಗೂ ಬಿಡಲಿಲ್ಲ. ಅಲ್ಲಿ ಬರಿಯ ಮಣ್ಣಿದೆ. ದಸರೆಗೆ ಓಣಿಯವರು ಬೇರೆ ಕಡೆಯಿಂದ ಸೊಪ್ಪು ತಂದು ಆ ಮಣ್ಣಿನ ಮೇಲಿಟ್ಟು ಪೂಜೆ ಮಾಡುತ್ತಾರೆ. ಮಗ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ.

ಪ್ರತಿ ದಸರೆಗೆ ನಾನೂ ಸ್ಟೇಶನ್ ಬಜಾರದಿಂದ ಒಂದು ಕಟ್ಟು ಬನ್ನಿ ಹಿಡಿದುಕೊಂಡು ಹೋಗುತ್ತೇನೆ. ಎಲ್ಲಿ ನೋಡಿದಿ ಎಂದು ಗುರಮ್ಮ ಈಗ ಕೇಳುವುದಿಲ್ಲ. ನಾನು ನೋಡಿದ್ದೇನೆ ಎಂದು ಅವರು ನಿಶ್ಚಯ ಮಾಡಿಕೊಂಡಾಗಿದೆ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಗನಿಗೆ ಕೇಳಿಸದ ಹಾಗೆ ಬೇರೊಂದನ್ನು ಕೇಳುತ್ತಾರೆ.

"ನೀ ನೋಡಿದಾಗ ಅದಕ್ಕ ಎಲಿ ಇದ್ದುವೇನು, ತಂಗಿ?"

ಇದ್ದವು ಎನ್ನಲು ನಾನು ಏನನ್ನೂ ನೋಡಿಲ್ಲ. ನೋಡಿಲ್ಲ ಎನ್ನಲು ಆ ಮುಖದ ಮುಂದೆ ಬಾಯಿ ಬರುವುದಿಲ್ಲ. ತಲೆ ತಗ್ಗಿಸಿ, ತಂದ ಸೊಪ್ಪನ್ನು ಅವರ ಕೈಗಿಟ್ಟು ಕಾಲು ಮುಟ್ಟುತ್ತೇನೆ.