ಚಪ್ಪಲಿ ಬಿಟ್ಟು ಬರುವ ಖೋಲಿ

ಅದು 1996ರ ಮೇ ತಿಂಗಳು. ಮೂಡಲಗಿಯವಳಾದ ನಾನು ಗೋಕಾಕದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಹುಕ್ಕೇರಿ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಆಪರೇಟರ್ ಆಗಿ ಸೇರಿದ್ದೆ. ಆಗ ನಮ್ಮ ವಿಭಾಗಕ್ಕೆ ಐ.ಟಿ. ಎಂಬ ಹೆಸರಿರಲಿಲ್ಲ. ಬಾಗಿಲ ಮೇಲೆ ‘ಇ.ಡಿ.ಪಿ.’ ಎಂದು ಬರೆದಿತ್ತು, ಅಂದರೆ ಎಲೆಕ್ಟ್ರಾನಿಕ್ ಡೇಟಾ ಪ್ರೊಸೆಸಿಂಗ್. ಅದರ ಅರ್ಥ ಅರ್ಧ ಆಫೀಸಿಗೆ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ‘ಕಂಪ್ಯೂಟರ್ ಖೋಲಿ’.

ಎಂ.ಡಿ. ಸಾಹೇಬರ ಕೋಣೆಯಲ್ಲೂ ಇಲ್ಲದ ಎ.ಸಿ. ನಮ್ಮ ಖೋಲಿಯಲ್ಲಿತ್ತು. ನಮಗಾಗಿ ಅಲ್ಲ, ಯಂತ್ರಕ್ಕಾಗಿ. ನಮ್ಮ ಮುಖ್ಯಸ್ಥರು ದೇಶಪಾಂಡೆ ಸರ್. ಧೂಳೆಂದರೆ ಅವರಿಗೆ ಮೈ ಉರಿಯುತ್ತಿತ್ತು. ಯಾರೇ ಬರಲಿ, ಚಪ್ಪಲಿ ಹೊರಗೇ ಬಿಡಬೇಕು. ಒಮ್ಮೆ ಎಂ.ಡಿ. ಸಾಹೇಬರೇ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲದಲ್ಲಿ ನಿಂತಿದ್ದನ್ನು ಕಂಡು ನಾನು ನಗು ತಡೆಯಲಾರದೆ ಪ್ರಿಂಟರ್ ಹಿಂದೆ ಬಗ್ಗಿ ಕಾಗದ ಹುಡುಕುವ ನಾಟಕ ಮಾಡಿದ್ದೆ.

ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆಂದು ಹೇಳಬಹುದಿತ್ತು. ಕಬ್ಬಿನ ವಿಭಾಗದವರು, ತೂಕದ ಮನೆಯವರು, ಸ್ಟೋರಿನವರು, ಎಲ್ಲರೂ ಪ್ರಿಂಟ್ ಒಯ್ಯಲು ಬರುತ್ತಿದ್ದರು. ಬಂದವರು ತಂಪಿಗೆ ಸೋತು ಅಲ್ಲೇ ಕೂರುತ್ತಿದ್ದರು. ಮಗಳಿಗೆ ನೋಡಿದ ಗಂಡು, ಅತ್ತೆಯ ಕಿರಿಕಿರಿ, ಸಂಕೇಶ್ವರದ ಮೆಣಸಿನಕಾಯಿ, ಏನೆಲ್ಲ ಮಾತು! “ಇದೇನ್ ಚಾದಂಗಡಿ ಏನ್ರೀ?” ಎಂದು ದೇಶಪಾಂಡೆ ಸರ್ ಗದರಿಸುತ್ತಿದ್ದರು. ಗದರಿಸುತ್ತಲೇ ಚಹಾ ತರಿಸುತ್ತಿದ್ದರು.

ಆ ಮೇ ತಿಂಗಳ ಒಂದು ಮಧ್ಯಾಹ್ನ ಬಿಸಿಲು ಹೆಂಚು ಕಾಯಿಸಿದಂತಿತ್ತು. ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆ ನಿಂತಿದ್ದರಿಂದ ಅದು ತಾನೇ ತಯಾರಿಸುವ ಕರೆಂಟೂ ಇರಲಿಲ್ಲ, ಹೊರಗಿನ ಕರೆಂಟು ಬೆಳಿಗ್ಗೆಯೇ ಹೋಗಿತ್ತು. ನಮ್ಮ ಖೋಲಿಗೊಂದು ಸಣ್ಣ ಜನರೇಟರ್ ಇತ್ತು. ಅದರ ಮೇಲೆ ಕಂಪ್ಯೂಟರ್ ನಡೆಯಬೇಕು, ಇಲ್ಲವೇ ಎ.ಸಿ. ಎರಡನ್ನೂ ಅದು ಎಳೆಯುತ್ತಿರಲಿಲ್ಲ. ಮರುದಿನ ಲೆಕ್ಕ ತಪಾಸಣೆಗೆ ಆಡಿಟರ್ ಬರುವವರಿದ್ದರು. ಹೀಗಾಗಿ ಎ.ಸಿ. ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ ವರ್ಷದ ಲೆಕ್ಕ ಓಡಿಸುತ್ತಿದ್ದೆವು. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು.

ಅಷ್ಟರಲ್ಲಿ ಫಿಟರ್ ಬಾಹುಬಲಿ ಓಡಿ ಬಂದ. ಹಿಂದೆ ಅವನ ಹೆಂಡತಿ ಪದ್ಮಾವತಿ, ಹೆಗಲ ಮೇಲೆ ಕೆಲವೇ ತಿಂಗಳ ಹೆಣ್ಣುಕೂಸು. ಕಾರ್ಖಾನೆಯ ಕ್ವಾರ್ಟರ್ಸಿನ ತಗಡಿನ ಮನೆಯಲ್ಲಿ ಬಿಸಿಲ ಝಳಕ್ಕೆ ಕೂಸಿಗೆ ಸುಡುವ ಜ್ವರ. ಅಳುವ ಶಕ್ತಿಯೂ ಇಲ್ಲದೆ ಕಣ್ಣು ಮೇಲೆ ಮಾಡುತ್ತಿತ್ತು. ಕಾರ್ಖಾನೆಯ ಜೀಪು ಬೆಳಗಾವಿಗೆ ಹೋಗಿತ್ತು.

“ಸಾಹೇಬ್ರ, ಸಂಕೇಶ್ವರದ ಡಾಕ್ಟರ್‌ಗೆ ಫೋನ್ ಹಚ್ಚಿದ್ದೆ. ಗಾಡಿ ಸಿಗೂತನಕ ಕೂಸಿನ್ನ ತಂಪಿನಾಗ ಇಡ್ರಿ, ಒದ್ದಿ ಅರಿವಿಲೆ ಒರಸ್ರಿ, ಹಾಲು ಕುಡಸ್ರಿ ಅಂದಾರ. ತಂಪು ಎಲ್ಲಿ ತರ್ಲಿ ನಾ?” ಎಂದ ಬಾಹುಬಲಿ.

ದೇಶಪಾಂಡೆ ಸರ್ ಒಮ್ಮೆ ಕೂಸಿನ ಮುಖ ನೋಡಿದರು, ಒಮ್ಮೆ ಪರದೆ ನೋಡಿದರು. ಆಮೇಲೆ ನನಗೆ, “ಬಂದ್ ಮಾಡವಾ” ಎಂದರು.

“ಸರ್, ಮುಕ್ಕಾಲು ಮುಗದೈತ್ರಿ...”

“ಬಂದ್ ಮಾಡಂದ್ನಿ. ಎ.ಸಿ. ಹಚ್ಚು.”

ನಾನು ಬಂದ್ ಮಾಡಿದೆ. ಎ.ಸಿ. ಗೊರಗೊರ ಎಂದು ಶುರುವಾಯಿತು. ಆ ಗಾಬರಿಯಲ್ಲೂ ಪದ್ಮಾವತಿ ಹೊಸ್ತಿಲಲ್ಲಿ ನಿಂತು, ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು ಚಪ್ಪಲಿ ಬಿಡುತ್ತಿದ್ದಳು. ಧೂಳು ಎಂದರೆ ಹೌಹಾರುವ ನಮ್ಮ ಸರ್, “ಅದಿರ್ಲಿ ತಂಗಿ, ಮದಲ ಒಳಗ ಬಾ!” ಎಂದು ಕೂಗಿದರು. ಆದರೂ ಅವಳು ಬಿಟ್ಟೇ ಬಂದಳು.

ಪ್ರಿಂಟರ್ ಕಾಗದದ ಕಟ್ಟುಗಳನ್ನು ಜೋಡಿಸಿ, ಮೇಲೆ ಯಂತ್ರಕ್ಕೆ ಹೊದಿಸುವ ಬಟ್ಟೆ ಹಾಸಿ ಕೂಸನ್ನು ಮಲಗಿಸಿದೆವು. ನಾನು ನನ್ನ ಓಢಣಿ ಒದ್ದೆ ಮಾಡಿ ಕೈಕಾಲು ಒರೆಸಿದೆ. ಪದ್ಮಾವತಿ ಮತ್ತೆ ಮತ್ತೆ ಎದೆಗೆ ಹಚ್ಚಿದರೂ ಕೂಸು ಬಾಯಿ ತೆರೆಯಲಿಲ್ಲ. ಸುದ್ದಿ ತಿಳಿದು ಬಂದವರಿಂದ ಖೋಲಿ ತುಂಬಿತ್ತು. ಕೊನೆಗೊಮ್ಮೆ ಅದು ಹಾಲು ಚೀಪಿತು. ಸ್ವಲ್ಪ ಹೊತ್ತಿಗೆ ಕಿರ್ ಎಂದು ಅತ್ತಿತು. ಅಳು ಕೇಳಿ ಅಷ್ಟು ಖುಷಿಯಾದದ್ದು ಜೀವನದಲ್ಲಿ ನನಗೆ ಅದೊಂದೇ ಸಲ.

ಆಮೇಲೆ ಕರೆಂಟು ಬಂತು. ಲೆಕ್ಕ ವಿಭಾಗದವರು ಬಾಗಿಲಲ್ಲಿ ಬಂದು ನಿಂತು, “ಇನ್ನ ಲೆಕ್ಕ ಓಡಿಸಿ ಪ್ರಿಂಟ್ ಹೊಡೀರಿ ಸರ್, ನಾಳೆ ಆಡಿಟರ್ ಬರ್ತಾರ” ಎಂದು ಕೈ ಹಿಸುಕಿಕೊಂಡರು. ನಿದ್ದೆ ಹೋದ ಕೂಸನ್ನು ತೋರಿಸಿ ದೇಶಪಾಂಡೆ ಸರ್ ಹೇಳಿದರು: “ನಮ್ಮ ಮಶೀನು ಭಾಳ ಗದ್ದಲ ಮಾಡ್ತೈತಿ. ಎದ್ದೀತು. ಇರ್ಲಿ.” ಜೀಪು ಬಂದು ತಾಯಿ ಮಗುವನ್ನು ಸಂಕೇಶ್ವರಕ್ಕೆ ಒಯ್ಯುವವರೆಗೂ ಆ ಪ್ರಿಂಟರ್ ಬಾಯಿ ಬಿಡಲಿಲ್ಲ. ತಂಪಿನಲ್ಲಿ ಇಟ್ಟದ್ದೇ ಒಳ್ಳೆಯದಾಯಿತೆಂದು ಡಾಕ್ಟರ್ ಅಂದರಂತೆ. ಲೆಕ್ಕ ಸಿದ್ಧವಿರದ್ದಕ್ಕೆ ಆಡಿಟರ್ ಮುಂದೆ ಸರ್ ಬೈಗುಳ ಕೇಳಬೇಕಾಯಿತು, ಕೇಳಿದರು. ಕೂಸಿಗೆ ತ್ರಿಶಲಾ ಎಂದು ಹೆಸರಿಟ್ಟರು. ಮುಂದೆ ಬಾಹುಬಲಿ ಕೆಲಸ ಬಿಟ್ಟು ತನ್ನ ಊರಿಗೆ ಹೋದ.

ಹತ್ತು ವರ್ಷದಲ್ಲಿ ಎಲ್ಲ ಬದಲಾಯಿತು. ದೇಶಪಾಂಡೆ ಸರ್ ನಿವೃತ್ತರಾದರು, ಕೆಲವೇ ದಿನಗಳಲ್ಲಿ ತೀರಿಯೂ ಹೋದರು. ಪ್ರತಿ ಟೇಬಲ್ಲಿಗೂ ಕಂಪ್ಯೂಟರ್ ಬಂತು. ನಮ್ಮ ಖೋಲಿಗೆ ಗಾಜಿನ ಬಾಗಿಲು, ಕಾರ್ಡು ತೋರಿಸಿದರೆ ತೆರೆಯುವ ಬೀಗ, ‘ಐ.ಟಿ. ವಿಭಾಗ’ ಎಂಬ ಹೊಳೆಯುವ ಫಲಕ. ಒಳಗೆ ಸರ್ವರ್‌ಗಳು. ಏನು ಕೆಟ್ಟರೂ, ಕಾರ್ಖಾನೆ ಕೊಂಡ ಹೊಸ ಕಂಪನಿಯ ಪುಣೆಯ ಹೆಡ್ ಆಫೀಸಿಗೆ ದೂರು ದಾಖಲಿಸಬೇಕು, ಅವರು ನಂಬರ್ ಕೊಡುತ್ತಾರೆ. ಮೊದಲು ನಾವಿಲ್ಲದೆ ವರ್ಷದ ಲೆಕ್ಕವಷ್ಟೇ ನಿಲ್ಲುತ್ತಿತ್ತು, ಈಗ ಗೇಟೂ ತೆರೆಯದು. ಅಧಿಕಾರ ಹೆಚ್ಚಿತು, ಪಗಾರವೂ ಹೆಚ್ಚಿತು. ಆದರೆ ಬಾಗಿಲ ಮುಂದೆ ಒಂದು ಜೋಡಿ ಚಪ್ಪಲಿಯೂ ಇರಲಿಲ್ಲ. ಬಾಜೂ ಟೇಬಲ್ಲಿನವರೂ ನನಗೆ ಮೇಲ್ ಕಳಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಪದ್ಮಾವತಿ ಬಂದಳು. ಜೊತೆಗೆ ಎರಡು ಜಡೆಯ ಹುಡುಗಿ.

“ಗುರ್ತ ಸಿಕ್ಕಿತೇನ್ರೀ ಅಕ್ಕಾರ? ನಮ್ಮ ತ್ರಿಶಲಾ. ತಾ ಮಲಗಿದ್ದ ಖೋಲಿ ನೋಡಬೇಕಂತ ಹಟ ಹಿಡದಾಳ. ದೇಶಪಾಂಡೆ ಸಾಹೇಬ್ರ ಕಾಲಿಗೂ ಬೀಳಸಬೇಕಂತ ಕರಕೊಂಡ ಬಂದೆ.”

ಅವರಿಲ್ಲವೆಂದು ಹೇಳಿದೆ. ಪದ್ಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನುಳಿದದ್ದು ಖೋಲಿ. ಹೊರಗಿನವರನ್ನು ಒಳಗೆ ಬಿಡಬೇಕಾದರೆ ಪುಣೆಯ ಅಪ್ಪಣೆ ಬೇಕು. ನಾನು ಫೋನ್ ಮಾಡಿದೆ. ಆ ಕಡೆಯ ದನಿ ಕಾರಣ ಕೇಳಿತು. ಏನು ಹೇಳಲಿ? ಒಂದು ಕೂಸು ಇಲ್ಲಿ ಮಲಗಿತ್ತು ಎಂದರೆ ಅವರಿಗೆ ತಿಳಿದೀತೆ? ಆದರೂ ಹೇಳಿದೆ. ಆಗುವುದಿಲ್ಲ ಎಂದರು.

“ಒಳಗ ಹೋಗಾಕ ಆಗಂಗಿಲ್ಲವಾ ತ್ರಿಶಲಾ. ಗಾಜಿನಾಗಿಂದನ ನೋಡು” ಎಂದೆ.

ಹುಡುಗಿ ತಲೆಯಾಡಿಸಿ, ಗಾಜಿನ ಬಾಗಿಲ ಬದಿಗೆ ತನ್ನ ಚಪ್ಪಲಿ ಬಿಟ್ಟಳು. ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟಳು.

“ಇರ್ಲಿ ಬಿಡು, ಒಳಗ ಹೋಗೂದಿಲ್ಲಲ್ಲ” ಎಂದೆ.

“ಅವ್ವ ಹೇಳ್ಯಾಳ್ರೀ, ಈ ಖೋಲಿಗೆ ಬರೂಮುಂದ ಚಪ್ಪಲಿ ಬಿಡಬೇಕಂತ” ಎಂದು ಗಾಜಿಗೆ ಮೂಗು ಹಚ್ಚಿ ನಿಂತಳು. “ಅಕ್ಕಾರ, ನಾ ಮಲಗಿದ್ದು ಯಾವ ಕಡಿ?”

ಎಡಗಡೆಯ ಮೂಲೆಯನ್ನು ತೋರಿಸಿದೆ. ಅಲ್ಲೀಗ ಕಪ್ಪು ಪೆಟ್ಟಿಗೆಗಳು ಹಸಿರು ದೀಪ ಮಿಟುಕಿಸುತ್ತಿದ್ದವು, ಎ.ಸಿ. ಹಗಲೂ ರಾತ್ರಿ ಓಡುತ್ತಿತ್ತು. ಯಾರಿಗೂ ಸಿಗದ ಅಷ್ಟೊಂದು ತಂಪು! ನೋಡುತ್ತ ನೋಡುತ್ತ ನಾನೂ ನನ್ನ ಚಪ್ಪಲಿ ಬಿಟ್ಟು ಅವಳ ಪಕ್ಕ ನಿಂತೆ. “ಇದೇನ್ ಚಾದಂಗಡಿ ಏನ್ರೀ?” ಎಂದು ಒಳಗಿನಿಂದ ಯಾರಾದರೂ ಗದರಿಸಲಿ ಎಂದು ಆಗ ಎಷ್ಟು ಆಸೆಯಾಯಿತೋ, ಇವತ್ತಿಗೂ ಅಷ್ಟೇ ಆಗುತ್ತದೆ.