ಅಕ್ಕ ನಾಲಿಗೆ ಚಾಚಿದ ದಿನ

ನಾನು ಚಿಕ್ಕವನಿದ್ದಾಗ ಒಡೆಯರಪಾಳ್ಯದ ಪಕ್ಕದ ನಮ್ಮೂರ ಶಾಲೆಗೆ ಟಿಬೆಟಿನ ಹುಡುಗಿಯೊಬ್ಬಳು ಸೇರಿದಳು. ಅವರ ಜನ ಆಗಷ್ಟೇ ಬಂದು, ಕಾಡಂಚಿನಲ್ಲಿ ಮನೆ ಕಟ್ಟಿಕೊಂಡು ಮುಸುಕಿನ ಜೋಳ ಬೆಳೆಯುತ್ತಿದ್ದರು. ಕೆಂಪು ಕೆನ್ನೆ, ಎರಡು ಜಡೆ, ಅರ್ಧಂಬರ್ಧ ಕನ್ನಡ. ಅವಳು ನನ್ನ ಅಕ್ಕನ ತರಗತಿ. ಅಕ್ಕನಿಗೆ ಅವಳೆಂದರೆ ಪ್ರಾಣ. ಆ ಶಾಲೆಗೆ ನಮ್ಮ ಅಪ್ಪನೇ ಮೇಷ್ಟ್ರು. ಶಾಲೆಯೊಳಗೆ ನಾವೂ ಅವರನ್ನು ‘ಸಾ’ ಎಂದೇ ಕರೆಯಬೇಕಿತ್ತು.

ಒಂದು ಬೆಳಿಗ್ಗೆ ಅವಳನ್ನು ಬಿಡಲು ಅವಳ ತಾತ ಬಂದರು. ಉಣ್ಣೆಯ ಉದ್ದನೆಯ ಅಂಗಿ, ಹತ್ತಿರ ಹೋದರೆ ಬೆಣ್ಣೆಯ ವಾಸನೆ. ಅಪ್ಪನನ್ನು ಕಂಡವರೇ ಟೋಪಿ ತೆಗೆದು, ತಲೆ ಬಗ್ಗಿಸಿ, ನಾಲಿಗೆ ಹೊರಚಾಚಿದರು. ಮೇಷ್ಟ್ರನ್ನೇ ಅಣಕಿಸುವುದೇ? ನಾವು ಹಾಗೆ ಮಾಡಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಅಪ್ಪ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಹುಡುಗರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನ ಮುತ್ತುಗದ ಎಲೆಗೆ ಬಿಸಿ ಉಪ್ಪಿಟ್ಟು ಬಿದ್ದಾಗ, ಅಕ್ಕನೊಬ್ಬಳನ್ನು ಬಿಟ್ಟು ಯಾರೂ ಅವಳ ಪಕ್ಕ ಕೂರಲಿಲ್ಲ. ಅವಳು ತುತ್ತು ಮುಟ್ಟದೆ ಅತ್ತಳು. ನಾಳೆಯಿಂದ ಬರುವುದಿಲ್ಲ ಎಂದಳು. ಅಕ್ಕ ಬಿಡುವವಳೇ? ಸಂಜೆಯವರೆಗೂ ಕೇಳಿ ಕೇಳಿ, ಮಾತು ಸಾಲದಿದ್ದಲ್ಲಿ ಕೈಸನ್ನೆ ಮಾಡಿ, ಕೊನೆಗೂ ವಿಷಯ ತಿಳಿದುಕೊಂಡಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ತಾತ ಬಂದು ಮೊಮ್ಮಗಳ ಊದಿದ ಕಣ್ಣು ನೋಡಿದರು. ಇನ್ನು ಈ ಶಾಲೆ ಬೇಡವೆಂದು ಕೈಯಾಡಿಸಿ ಅವಳನ್ನು ಎಳೆದುಕೊಂಡು ಹೊರಟರು. ಅಕ್ಕ ಓಡಿಹೋಗಿ ಅಡ್ಡ ನಿಂತಳು. ತಲೆ ಬಗ್ಗಿಸಿ, ಎಲ್ಲರೆದುರು ಇಷ್ಟುದ್ದ ನಾಲಿಗೆ ಚಾಚಿದಳು.

ಅಂಗಳವೆಲ್ಲ ಗುಲ್ಲೆದ್ದಿತು. ಅಪ್ಪ ಹುಣಸೆ ಬರಲು ಹಿಡಿದೇ ಹೊರಗೆ ಬಂದರು.

“ಅಣಕ ಅಲ್ಲ ಸಾ,” ಎಂದಳು ಅಕ್ಕ. “ಅವ್ರ ಕಡೆ ದೊಡ್ಡೋರ್ಗೆ ಕೈ ಮುಗಿಯೋದು ಇಂಗೇಯ. ತಾತ ಬೆಳಿಗ್ಗೆ ನಿಮ್ಗೆ ಕೈ ಮುಗುದ್ರು. ನೀವು ಮಕ ತಿರುಗಿಸ್ಕಂಡ್ರಿ.”

ಅಪ್ಪ ಬರಲನ್ನು ಕೆಳಗೆ ಹಾಕಿದರು. ನೇರವಾಗಿ ತಾತನ ಮುಂದೆ ಹೋಗಿ, ಮಕ್ಕಳೆಲ್ಲ ನೋಡುತ್ತಿದ್ದಂತೆಯೇ ಕೈ ಮುಗಿದು ನಿಂತರು. ತಾತನ ಕಣ್ಣು ತುಂಬಿತು. ಆಮೇಲೆ ನಾವೆಲ್ಲ ನಾಲಿಗೆ ಚಾಚಿದ್ದೇ ಚಾಚಿದ್ದು! ತಾತ ನಗುತ್ತಾ ಒಬ್ಬೊಬ್ಬರಿಗೂ ಕೈ ಮುಗಿದರು. ಮನೆಯ ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ ನಾನು ಹೇಳಿಕೊಂಡು ಹೋದೆ: “ನಮ್ಮಕ್ಕ ಕಣ್ಲಾ ಅವ್ಳು.” ಅಪ್ಪನ ಮೇಲೂ ಅಂದು ಹೆಮ್ಮೆಯಾಗಿತ್ತು.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಬಿಹಾರದ ಹುಡುಗನಿದ್ದಾನೆ, ಸೋಲಿಗರ ಹುಡುಗಿಯಿದ್ದಾಳೆ, ಮನೆಯಲ್ಲಿ ತಮಿಳಾಡುವವರಿದ್ದಾರೆ. ಗೊತ್ತಿಲ್ಲದ್ದನ್ನು ನೀವು ಫೋನಿನಲ್ಲಿ ಹುಡುಕಿಕೊಳ್ಳುತ್ತೀರಿ. ಆಗ ನಮಗೆ ಪಕ್ಕದಲ್ಲಿ ಕೂತು ಕೇಳುವುದೊಂದೇ ದಾರಿಯಿತ್ತು. ಅಕ್ಕ ಹಾಗೆ ಕೇಳಿದ್ದಕ್ಕೇ ಆ ಹುಡುಗಿ ಏಳನೇ ತರಗತಿ ಮುಗಿಸಿಯೇ ನಮ್ಮ ಶಾಲೆ ಬಿಟ್ಟಳು.