ಚರಗದ ಹೊಲದ ಮಿಡತೆಗಳು

ಇದನ್ನು ಹೇಳಬೇಕೆಂದುಕೊಂಡು ಎರಡು ವರ್ಷ ಮುಂದೂಡಿದೆ. ಹಲ್ಲುನೋವು, ನೆಂಟರ ಮದುವೆ, ಬಿಸಿಲು, ಯಾವುದೋ ಒಂದು ನೆಪ ಸಿಗುತ್ತಿತ್ತು.

ಬೈಲಹೊಂಗಲದ ಮನೆಯಲ್ಲಿ ಆಗ ಮೂವರಿದ್ದೆವು: ನಾನು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು, ನನ್ನ ಹೆಂಡತಿ ತೀರಿದ ಮೇಲೆ ಮನೆ ನಡೆಸಲು ಬಂದ ನನ್ನ ಅಕ್ಕ. ಮಗಳು ಟ್ಯಾರಂಟುಲಾ ಎಂಬ ಮೈತುಂಬ ಕೂದಲಿನ ದೊಡ್ಡ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದಳು. ಪಕ್ಕದ ಸಣ್ಣ ಡಬ್ಬಿಗಳಲ್ಲಿ ತೊಗರಿಕಾಳಿನಷ್ಟು ಮರಿಗಳು. ಅವುಗಳ ಊಟಕ್ಕೆಂದು ಒಂದು ಬುಟ್ಟಿಯಲ್ಲಿ ಜೀರುಂಡೆಗಳನ್ನೂ ಬೆಳೆಸುತ್ತಿದ್ದಳು.

ಎಂಟು ದಿನದ ತರಬೇತಿಗೆ ಧಾರವಾಡಕ್ಕೆ ಹೊರಟಾಗ ಕೆಲಸವನ್ನು ನನಗೆ ಒಪ್ಪಿಸಿದಳು.

"ಅಪ್ಪಾ, ಜೇಡದ ಹೊಟ್ಟೀಗಿಂತ ದೊಡ್ಡ ಹುಳ ಹಾಕಬ್ಯಾಡ. ಮರಿಗೋಳಿಗೆ ಈಗ ಹುಟ್ಟಿದ ಜೀರುಂಡಿ ಸಾಕು. ತಿನ್ನದ ಬಿಟ್ಟಿದ್ದನ್ನ ತೆಗಿ, ಪೊರಿ ಬಿಡೂ ಜೇಡನ್ನ ಅದ ಕಡೀತೈತಿ. ಹೊಲದ ಹುಳ ಮಾತ್ರ ತರಬ್ಯಾಡ, ಹುಳ ಸಾಯೂ ಎಣ್ಣಿ ಹೊಡದಿರತಾರ."

ಅಕ್ಕ ರೊಟ್ಟಿ ಬಡಿಯುತ್ತಲೇ ನಕ್ಕಳು. "ನಮ್ಮ ಹೊಟ್ಟಿ ಅಳದು ಯಾರೂ ನೀಡಲಿಲ್ಲವ್ವಾ. ಇವಕ್ಕ ಹೊಟ್ಟಿ ಅಳದು ಹಾಕಬೇಕಂತ!"

ಆ ನಗುವೇ ನನ್ನ ತಲೆಯಲ್ಲಿ ಕುಳಿತಿತು. ಮೂರನೆಯ ದಿನ ಜೀರುಂಡೆಗಳೆಲ್ಲ ಸತ್ತು ನಾರುತ್ತಿದ್ದವು. ಬುಟ್ಟಿಯಲ್ಲಿ ಹಾಸಿದ್ದ ತೌಡಿಗೆ ನೀರು ಹೆಚ್ಚು ಚಿಮುಕಿಸಿದವನು ನಾನೇ. ಆದರೂ ಮೊದಲು ನೋಡಿದ್ದು ಅಕ್ಕನ ಕೈಗಳನ್ನು. ಮಗಳಿಗೆ ಫೋನ್ ಮಾಡಲಿಲ್ಲ. ಒಂದು ಬುಟ್ಟಿ ಹುಳ ಕಾಯಲಾರದ ಅಪ್ಪ ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಐದನೆಯ ದಿನ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು ನಾನೂ ಅಕ್ಕನೂ ಸಂಗೊಳ್ಳಿಯಲ್ಲಿರುವ ಅವಳ ಬೀಗರ ಹೊಲಕ್ಕೆ ಹೋಗಿದ್ದೆವು. ಅವರು ಕಡಲೆಯ ಸಾಲುಗಳ ಸುತ್ತ ಕಡುಬು, ಅನ್ನ, ಪಲ್ಯ ಚೆಲ್ಲುತ್ತ ಭೂಮಿತಾಯಿಗೆ ಉಣಿಸುತ್ತಿದ್ದರು. ಇಂಥ ದಿನಕ್ಕೆ ಹೊಲವನ್ನು ಯಾರಾದರೂ ವಿಷವಾಗಿ ಇಟ್ಟಿರುತ್ತಾರೆಯೇ ಎಂದುಕೊಂಡೆ. ಅಕ್ಕ ಬುತ್ತಿ ಬಿಚ್ಚುತ್ತಿದ್ದಾಗ ಅತ್ತ ಸರಿದು ಟವೆಲ್ಲು ಬೀಸಿ ಮಿಡತೆಗಳನ್ನು ಹಿಡಿದೆ. ಅಳತೆಯನ್ನು ಮಾತ್ರ ಬಹಳ ಕಾಳಜಿಯಿಂದ ನೋಡಿದೆ: ದೊಡ್ಡವು ದೊಡ್ಡದಕ್ಕೆ, ರೆಕ್ಕೆ ಮೂಡದ ಮರಿಮಿಡತೆಗಳು ಮರಿಗಳಿಗೆ. ರೊಟ್ಟಿಯ ಡಬ್ಬಿಯಲ್ಲಿ ತುಂಬಿ ತಂದು ಅಂದೇ ರಾತ್ರಿ ಹಾಕಿದೆ.

ಮರುದಿನ ದೊಡ್ಡ ಜೇಡ ಕಾಲುಗಳನ್ನೆಲ್ಲ ಹೊಟ್ಟೆಯಡಿ ಮಡಚಿಕೊಂಡು ಬಿದ್ದಿತ್ತು. ಮರಿಗಳಲ್ಲಿ ನಾಲ್ಕು ಹಾಗೆಯೇ; ಮಿಡತೆ ಮುಟ್ಟದ ಉಳಿದವು ಬದುಕಿದ್ದವು.

ಅಡುಗೆಮನೆಯ ಗೂಡಿನಲ್ಲಿ ಇರುವೆ ಕೊಲ್ಲುವ ಸೀಮೆಸುಣ್ಣ ಇತ್ತು. ತೆಗೆದು ನೋಡಿದೆ, ಮೊಂಡಾಗಿತ್ತು. ಬೆಲ್ಲದ ಡಬ್ಬಿಯ ಸುತ್ತ ಅಕ್ಕ ಗೆರೆ ಎಳೆದದ್ದು ಕಣ್ಣೆದುರೇ ಇತ್ತು. ಆದರೆ ಅಷ್ಟಕ್ಕೇ ಇಷ್ಟು ಸವೆಯುತ್ತದೆಯೇ? ಅವಳು ಜೇಡದ ಕೋಣೆ ಗುಡಿಸಲು ಹೋದಾಗ ಬಾಗಿಲ ಸಂದಿಯಿಂದ ಇಣುಕಿದೆ. ಅವಳು ಬಿಚ್ಚಿಟ್ಟ ಸೀರೆಯ ಸೆರಗನ್ನು ಮೂಸಿಯೂ ನೋಡಿದೆ. ಬೆಳ್ಳುಳ್ಳಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಒಗೆದುಬಿಟ್ಟಿದ್ದಾಳೆ ಎಂದುಕೊಂಡೆ.

ಮಗಳು ಬಂದು ಪೆಟ್ಟಿಗೆಯ ಮುಂದೆ ಕುಳಿತು ಮುಚ್ಚಳ ತೆಗೆದಳು. ಆಮೇಲೆ ಕೇಳಿದಳು, "ಏನ್ ಹಾಕಿದ್ದೆಪಾ?"

"ನೀ ಹೇಳಿದ್ದನ್ನ. ನಿಮ್ಮ ಅತ್ತೀನ ಕೇಳು, ಸುಣ್ಣದ ಕಡ್ಡಿ ಎಲ್ಲೆಲ್ಲಿ ಎಳದಾಳಂತ."

ಅಕ್ಕ ಒಳಗಿನಿಂದ ಬಂದಳು. "ತಮ್ಮಾ, ನಾ ಅದರ ಡಬ್ಬಿ ಮುಟ್ಟಿದ್ದು ನೀ ಖರೇನ ನೋಡೀಯೇನು?"

"ನೋಡೇನಿ," ಎಂದೆ.

ಎರಡು ದಿನದ ಮೇಲೆ ಅವಳು ರಾಮದುರ್ಗದ ಬಸ್ಸು ಹತ್ತಿ ಸಾಲಹಳ್ಳಿಯ ಮಗನ ಮನೆಗೆ ಹೋದಳು. ಸುಣ್ಣದ ಕಡ್ಡಿಯನ್ನು ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದಳು.

ತಿಂಗಳ ನಂತರ ಬೀಗರು ಚಹಾ ಕುಡಿಯುತ್ತ ತಾವಾಗಿಯೇ ಅಂದರು: "ಅಮಾಸಿಗೆ ಮಂದಿ ಬರತಾರ, ಕಡ್ಲಿ ಹುಳಬಿದ್ದು ಕಾಣಬಾರದಂತ ಹಿಂದಿನ ದಿನಾನ ಎಣ್ಣಿ ಹೊಡಸಿದ್ನಿ ನೋಡ್ರಿ." ನಾನು ಬಟ್ಟಲು ಕೆಳಗಿಟ್ಟೆ. ಮಗಳು ಆಗ ಕಾಲೇಜಿನಲ್ಲಿದ್ದಳು. ಅವಳಿಗೆ ಹೇಳಲಿಲ್ಲ. ಇದನ್ನು ಓದಿಯೇ ತಿಳಿಯಬೇಕು.

ಉಳಿದ ಮರಿಗಳು ಈಗ ಅಂಗೈಯಷ್ಟಾಗಿವೆ. ಆ ಕೋಣೆಗೆ ಮಗಳು ಬೀಗ ಹಾಕುತ್ತಾಳೆ. ಹೋದ ಸಲ ಅಕ್ಕ ಬಂದಾಗ ಬೀಗ ತೆಗೆದಿತ್ತು. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲ ಹೊರಗೇ ನಿಂತಳು. "ಇಲ್ಲಿಂದನ ನೋಡತೇನಿ. ಚಲೋ ಬೆಳದಾವ," ಎಂದಳು.

ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ. ತಪ್ಪಾಯಿತು ಎಂದು ನಾನು ಇನ್ನೂ ಹೇಳದಿರುವುದು ಅವಳಿಗೆ, ನನ್ನ ಒಡಹುಟ್ಟಿದ ಅಕ್ಕನಿಗೆ.